ಕೇಳಿದಾಗಷ್ಟೇ ಲೆಕ್ಕ, ಒಮ್ಮೆ ಮಾತ್ರ ಲೆಕ್ಕ

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ ಮದ್ದೂರಿನ ಬಳಿ ಕಾಡು ಹೊಗುತ್ತದೆ. ವಡೆಗೆ ಹೆಸರಾದ ಮಂಡ್ಯ ಜಿಲ್ಲೆಯ ಮದ್ದೂರಲ್ಲ ಇದು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ತನ್ನ ಹೆಸರು ಕೊಟ್ಟಿರುವ, ಚಾಮರಾಜನಗರ ಜಿಲ್ಲೆಯ ಮದ್ದೂರು. ಇಲ್ಲಿನ ಚೆಕ್‌ಪೋಸ್ಟಿನ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಕಾಡುಪ್ರಾಣಿಗಳು ವಾಹನಗಳಿಗೆ ಸಿಕ್ಕಿ ಸಾಯುವುದನ್ನು ತಡೆಯಲೆಂದು 2009ರಲ್ಲಿ ಬಂದ ಈ ರಾತ್ರಿ ಸಂಚಾರ ನಿಷೇಧವನ್ನು ಮರುವರ್ಷ ಹೈಕೋರ್ಟ್ ಎತ್ತಿಹಿಡಿಯಿತು. ತುರ್ತು ವಾಹನಗಳು, ಅನುಮತಿ ಪಡೆದ ಬೆರಳೆಣಿಕೆಯ ಬಸ್ಸುಗಳು ಬಿಟ್ಟರೆ ರಾತ್ರಿ ಯಾರಿಗೂ ದಾರಿಯಿಲ್ಲ.

ಈಗ ಕಂಪ್ಯೂಟರಿಗೆ ಒಂದು ಪ್ರಶ್ನೆ ಹಾಕೋಣ. ಗುಂಡ್ಲುಪೇಟೆಯಿಂದ ಬತ್ತೇರಿಗೆ ಹತ್ತಿರದ ದಾರಿ ಯಾವುದು? ಮಧ್ಯಾಹ್ನ ಮೂರಕ್ಕೆ ಕೇಳಿದರೆ ಮದ್ದೂರು, ಮೂಲೆಹೊಳೆ ಮೇಲೆ ನೇರ ಹೋಗಿ ಎಂಬುದು ಸರಿಯಾದ ಉತ್ತರ. ರಾತ್ರಿ ಹತ್ತಕ್ಕೆ ಅದೇ ಉತ್ತರ ಸುಳ್ಳು. ಆಗ ಹುಣಸೂರು, ಗೋಣಿಕೊಪ್ಪಲು, ಕುಟ್ಟದ ಕಡೆಯಿಂದ ದೂರ ಸುತ್ತಬೇಕು, ಇಲ್ಲವೇ ಬೆಳಗಾಗುವ ತನಕ ಕಾಯಬೇಕು. ಮಧ್ಯಾಹ್ನ ಕಂಡುಕೊಂಡ ದಾರಿಯನ್ನು ಯಂತ್ರ ನೆನಪಿಟ್ಟುಕೊಂಡು ರಾತ್ರಿಯೂ ಅದನ್ನೇ ಒಪ್ಪಿಸಿದರೆ, ಅದನ್ನು ನಂಬಿದ ಲಾರಿ ಮುಚ್ಚಿದ ಗೇಟಿನ ಮುಂದೆ ನಿಲ್ಲುತ್ತದೆ. ಇಲ್ಲಿ ತಪ್ಪು ನೆನಪಿನದ್ದಲ್ಲ, ಪ್ರಶ್ನೆಯದು. ಹೊರಡುವ ಊರು, ತಲುಪುವ ಊರು ಇವೆರಡರ ಜೊತೆಗೆ ಹೊರಡುವ ಹೊತ್ತನ್ನೂ ಪ್ರಶ್ನೆಯೊಳಗೆ ಸೇರಿಸಿದ್ದರೆ ಒಮ್ಮೆ ಕಂಡುಕೊಂಡ ಉತ್ತರವನ್ನು ಧೈರ್ಯವಾಗಿ ಬರೆದಿಟ್ಟುಕೊಳ್ಳಬಹುದಿತ್ತು.

ಉತ್ತರಕ್ಕೆ ಬೇಕಾದದ್ದೆಲ್ಲ ಪ್ರಶ್ನೆಯೊಳಗೇ ಇರಬೇಕು ಎಂಬ ಈ ಶಿಸ್ತೇ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯ ಅಡಿಪಾಯ. ಒಂದೇ ಪ್ರಶ್ನೆಗೆ ಎಂದೂ ಒಂದೇ ಉತ್ತರ ಕೊಡುವ, ಉತ್ತರ ಕೊಡುವಾಗ ಹೊರಗಿನ ಯಾವುದನ್ನೂ ಬದಲಿಸದ ಫಂಕ್ಷನ್ನಿಗೆ ‘ಶುದ್ಧ’ ಎಂದು ಹೆಸರು. 5 ಮತ್ತು 8ನ್ನು ಕೂಡುವುದು ಶುದ್ಧ. ‘ಈಗ ಗಂಟೆ ಎಷ್ಟು’ ಎಂಬುದು ಶುದ್ಧವಲ್ಲ. ಈ ಶುದ್ಧಿಯಿಂದ ಎರಡು ದೊಡ್ಡ ಲಾಭಗಳಿವೆ. ಉತ್ತರ ಎಂದಿಗೂ ಬದಲಾಗದು ಎಂದಮೇಲೆ ಲೆಕ್ಕವನ್ನು ಎಷ್ಟು ಬೇಕಾದರೂ ಮುಂದೂಡಬಹುದು. ಇದು ಲೇಜಿ ಇವ್ಯಾಲ್ಯುಯೇಶನ್. ಹಾಗೆಯೇ ಒಮ್ಮೆ ಮಾಡಿದ ಲೆಕ್ಕವನ್ನು ಮತ್ತೆ ಮಾಡದೆ ನೆನಪಿನಿಂದ ಕೊಡಬಹುದು, ಇದು ಮೆಮೊಯಿಜೇಶನ್. ಸೋಮಾರಿತನ, ಜ್ಞಾಪಕಶಕ್ತಿ ಎಂದು ಇವನ್ನು ಬೇರೆಬೇರೆ ಪಾಠಗಳಾಗಿ ಕಲಿಸುವುದುಂಟು. ನಿಜದಲ್ಲಿ ಎರಡಕ್ಕೂ ಬೇರು ಒಂದೇ.

ನಾವು ಬಳಸುವ ಹೆಚ್ಚಿನ ಭಾಷೆಗಳು, ಅಂದರೆ ಸಿ, ಜಾವಾ, ಪೈಥಾನ್ ಮುಂತಾದವು, ಲೆಕ್ಕದ ಸಾಮಗ್ರಿ ಕೈಗೆ ಬಂದ ತಕ್ಷಣ ಲೆಕ್ಕ ಮುಗಿಸಿಬಿಡುತ್ತವೆ. ಫಂಕ್ಷನ್ನಿಗೆ ಮೂರು ಮೌಲ್ಯ ಕೊಡಬೇಕೆಂದರೆ ಮೂರನ್ನೂ ಮೊದಲೇ ಕಂಡುಕೊಂಡು ಆಮೇಲೆ ಒಳಗೆ ಕಳಿಸುತ್ತವೆ. ಒಳಗೆ ಹೋದಮೇಲೆ ಅವುಗಳಲ್ಲಿ ಎರಡು ಬೇಕೇ ಆಗದಿದ್ದರೂ ಸರಿಯೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ. ಲೇಜಿ ಭಾಷೆ ಹಾಗಲ್ಲ. ಅದು ಲೆಕ್ಕ ಮಾಡುವ ಬಗೆಯನ್ನಷ್ಟೇ ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳುತ್ತದೆ. ಯಾರಾದರೂ ಆ ಮೌಲ್ಯವನ್ನು ನಿಜವಾಗಿ ಕೇಳಿದಾಗ ಮಾತ್ರ ಚೀಟಿ ತೆರೆದು ಲೆಕ್ಕ ಮಾಡುತ್ತದೆ. ಯಾರೂ ಕೇಳದಿದ್ದರೆ ಆ ಕೆಲಸ ನಡೆಯುವುದೇ ಇಲ್ಲ. ಈ ಚೀಟಿಗೆ ಪ್ರೋಗ್ರಾಮರುಗಳ ಬಾಯಲ್ಲಿ ‘ಥಂಕ್’ ಎಂದು ಹೆಸರು, 1961ರಷ್ಟು ಹಳೆಯ ಪದ.

ಇಷ್ಟು ಕೇಳಿದವರಿಗೆ ಇದು ಕಳೆದ ಶತಮಾನದ ಇಂಗ್ಲೆಂಡ್, ಅಮೆರಿಕದ ಕಲ್ಪನೆ ಎನಿಸಬಹುದು. ಆ ಕಥೆಯೂ ಇದೆ, ಮುಂದೆ ಬರುತ್ತದೆ. ಆದರೆ ಅದಕ್ಕಿಂತ ಬಹಳ ಹಳೆಯ, ನಮ್ಮ ಕೈಗೆಟಕುವ ಉದಾಹರಣೆ ಕನ್ನಡ ಪದ್ಯದ ಛಂದಸ್ಸಿನಲ್ಲಿದೆ. ಅದನ್ನು ನೋಡಲು ಚಾಮರಾಜನಗರ ಜಿಲ್ಲೆಯನ್ನು ದಾಟಬೇಕಾಗಿಲ್ಲ. ಯಳಂದೂರಿಗೆ ಹೋದರೆ ಸಾಕು.

ಸಂಚಿ ಹೊನ್ನಮ್ಮ ಯಳಂದೂರಿನವಳು. 1673ರಿಂದ 1704ರವರೆಗೆ ಮೈಸೂರು ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದವಳು. ಅವಳ ‘ಹದಿಬದೆಯ ಧರ್ಮ’ ಸಾಂಗತ್ಯದಲ್ಲಿದೆ. ಸಾಂಗತ್ಯಕ್ಕೆ ನಾಲ್ಕು ಸಾಲು. ಒಂದನೆಯ ಮತ್ತು ಮೂರನೆಯ ಸಾಲಿಗೆ ನಾಲ್ಕು ನಾಲ್ಕು ವಿಷ್ಣುಗಣ. ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಎರಡು ವಿಷ್ಣುಗಣ, ಕೊನೆಯಲ್ಲಿ ಒಂದು ಬ್ರಹ್ಮಗಣ. ಇವು ಅಂಶಗಣಗಳು, ಕನ್ನಡದ ಸ್ವಂತ ಆಸ್ತಿ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಇವಕ್ಕೆ ಲಕ್ಷಣ ಹೇಳಿದ್ದಾನೆ. ಬ್ರಹ್ಮಗಣದಲ್ಲಿ ಎರಡು ಅಂಶ, ವಿಷ್ಣುಗಣದಲ್ಲಿ ಮೂರು, ರುದ್ರಗಣದಲ್ಲಿ ನಾಲ್ಕು. ಗಣದ ಮೊದಲ ಅಂಶ ಒಂದು ಗುರುವಾಗಬಹುದು ಅಥವಾ ಎರಡು ಲಘುವಾಗಬಹುದು. ಮುಂದಿನ ಅಂಶಗಳಲ್ಲಿ ಪ್ರತಿಯೊಂದೂ ಒಂದು ಗುರು ಅಥವಾ ಒಂದು ಲಘು. ಅಂದರೆ ಪ್ರತಿ ಅಂಶಕ್ಕೂ ಎರಡೇ ಆಯ್ಕೆ. ಹೀಗಾಗಿ ಬ್ರಹ್ಮಗಣಕ್ಕೆ 4 ರೂಪ, ವಿಷ್ಣುಗಣಕ್ಕೆ 8, ರುದ್ರಗಣಕ್ಕೆ 16.

ಈಗ ಒಂದು ಸಾಂಗತ್ಯ ಪದ್ಯದ ಅಂಶಗಳನ್ನು ಎಣಿಸಿ. ಮೊದಲ ಸಾಲಿನಲ್ಲಿ 12, ಎರಡನೆಯದರಲ್ಲಿ 8, ಇಡೀ ಪದ್ಯದಲ್ಲಿ 40. ಕವಿಗಳು ಅಲ್ಲಲ್ಲಿ ತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು ಬದಿಗಿಟ್ಟು, ಲಕ್ಷಣದ ಪ್ರಕಾರವೇ ಲೆಕ್ಕ ಹಾಕಿದರೆ ಒಂದು ಪದ್ಯಕ್ಕೆ ಒಪ್ಪುವ ಗುರು ಲಘು ವಿನ್ಯಾಸಗಳು ಎರಡನ್ನು ನಲವತ್ತು ಸಲ ಗುಣಿಸಿದಷ್ಟು: 1,09,951 ಕೋಟಿ 16 ಲಕ್ಷದ 27 ಸಾವಿರದ 776. ಸೆಕೆಂಡಿಗೊಂದರಂತೆ ಬರೆಯುತ್ತ ಕೂತರೂ 34 ಸಾವಿರ ವರ್ಷ ಮೀರುತ್ತದೆ. ಹೊನ್ನಮ್ಮನಿಗೆ ಈ ಪಟ್ಟಿ ಬೇಕಿರಲಿಲ್ಲ. ಅವಳ ಕಿವಿಯಲ್ಲಿದ್ದದ್ದು ನಿಯಮ. ಪದ್ಯ ಕೇಳಿದಾಗ ಬೇಕಾದ ಒಂದು ವಿನ್ಯಾಸ ಆ ನಿಯಮದಿಂದ ಮೂಡುತ್ತಿತ್ತು. ಲೇಜಿ ಇವ್ಯಾಲ್ಯುಯೇಶನ್ ಎಂದರೆ ಪಟ್ಟಿಯ ಬದಲು ನಿಯಮವನ್ನು ಇಟ್ಟುಕೊಳ್ಳುವುದು ಎಂದು ಹೇಳುವಾಗ ಕಂಪ್ಯೂಟರ್ ವಿಜ್ಞಾನದ ಪುಸ್ತಕಗಳು ಇದಕ್ಕಿಂತ ಸೊಗಸಾದ ನಿದರ್ಶನ ಕೊಡಲಾರವು.

ಕವಿಯ ಕಿವಿಯ ಮಾತು ಹಾಗಿರಲಿ. ಇದನ್ನೇ ಲೆಕ್ಕದ ವಿಧಾನವಾಗಿ ಬಿಡಿಸಿ ಹೇಳಿದವರು ಛಂದಶ್ಶಾಸ್ತ್ರಕಾರರು. ಸಂಸ್ಕೃತ ಛಂದಸ್ಸಿನಲ್ಲಿ ಪಿಂಗಳನ ಕಾಲದಿಂದ ಬಂದ ‘ಪ್ರತ್ಯಯ’ಗಳೆಂಬ ಆರು ವಿಧಾನಗಳಿವೆ. ಹತ್ತನೆಯ ಶತಮಾನದ ಆಚೀಚೆ ‘ಛಂದೋನುಶಾಸನ’ ಬರೆದ ಜೈನ ಪಂಡಿತ ಜಯಕೀರ್ತಿ ಕನ್ನಡ ನಾಡಿನವನು. ಬರೆದದ್ದು ಸಂಸ್ಕೃತದಲ್ಲಾದರೂ ಕನ್ನಡದ ಛಂದಸ್ಸಿಗೆಂದೇ ಒಂದು ಅಧಿಕಾರವನ್ನು ಮೀಸಲಿಟ್ಟ ಅವನು ಈ ಪ್ರತ್ಯಯಗಳನ್ನೂ ವಿವರಿಸಿದ್ದಾನೆ. ಆರರಲ್ಲಿ ಮೂರು ಇಲ್ಲಿ ಮುಖ್ಯ: ಪ್ರಸ್ತಾರ, ನಷ್ಟ, ಉದ್ದಿಷ್ಟ.

ಶಾಲೆಯಲ್ಲಿ ಪದ್ಯಕ್ಕೆ ಗುರು ಲಘು ಗುರುತು ಹಾಕುವುದನ್ನೂ ಪ್ರಸ್ತಾರ ಎನ್ನುತ್ತಾರೆ. ಶಾಸ್ತ್ರದ ಪ್ರಸ್ತಾರ ಎಂದರೆ ಇಷ್ಟು ಅಕ್ಷರದ ಪಾದದಲ್ಲಿ ಸಾಧ್ಯವಿರುವ ಎಲ್ಲ ವಿನ್ಯಾಸಗಳನ್ನೂ ಒಂದು ಕ್ರಮದಲ್ಲಿ ಹರಡುವುದು. ಮೊದಲ ಸಾಲು ಎಲ್ಲ ಗುರು. ಮುಂದಿನ ಸಾಲಿಗೆ ನಿಯಮ ಇಷ್ಟೆ: ಎಡದಿಂದ ಮೊದಲು ಸಿಕ್ಕುವ ಗುರುವಿನ ಕೆಳಗೆ ಲಘು ಬರೆ, ಅದರ ಬಲಕ್ಕಿರುವುದನ್ನು ಹಾಗೆಯೇ ಇಳಿಸು, ಎಡಕ್ಕೆ ಖಾಲಿ ಉಳಿದ ಜಾಗದಲ್ಲೆಲ್ಲ ಗುರು ತುಂಬು. ಎಲ್ಲ ಲಘುಗಳ ಸಾಲು ಬಂದಾಗ ಪ್ರಸ್ತಾರ ಮುಗಿಯಿತು. ಮೂರಕ್ಷರಕ್ಕೆ ಹೀಗೆ ಮಾಡಿದರೆ ಮ, ಯ, ರ, ಸ, ತ, ಜ, ಭ, ನ ಎಂಬ ಎಂಟು ಗಣಗಳು ಇದೇ ಕ್ರಮದಲ್ಲಿ ಬರುತ್ತವೆ. ಮುಂದಿನ ಸಾಲು ಹುಟ್ಟಲು ಈಗಿನ ಸಾಲೊಂದಿದ್ದರೆ ಸಾಕು ಎಂಬುದನ್ನು ಗಮನಿಸಬೇಕು. ಪೈಥಾನ್ ಬಲ್ಲವರು ಇದನ್ನು ಜನರೇಟರ್ ಎನ್ನುತ್ತಾರೆ: ಒಂದೊಂದೇ ಸಾಲು, ಕೇಳಿದಾಗ ಮಾತ್ರ.

ನಷ್ಟ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಪ್ರಸ್ತಾರದ ಹಾಳೆ ಕಳೆದುಹೋಗಿದೆ, ಇಂಥ ಸಂಖ್ಯೆಯ ಸಾಲಿನಲ್ಲಿ ಏನಿತ್ತು ಹೇಳು ಎಂಬುದು ಪ್ರಶ್ನೆ. ಆರನೆಯ ಗಣ ಯಾವುದು? 6 ಸಮಸಂಖ್ಯೆ, ಒಂದು ಲಘು ಬರೆದು ಅರ್ಧ ಮಾಡಿ: 3. ಇದು ಬೆಸ, ಗುರು ಬರೆದು ಒಂದು ಕೂಡಿ ಅರ್ಧ ಮಾಡಿ: 2. ಇದು ಸಮ, ಲಘು. ಬಂದದ್ದು ಲಘು, ಗುರು, ಲಘು. ಜಗಣ. ಮೊದಲ ಐದು ಸಾಲುಗಳನ್ನು ಬರೆಯಲೇ ಇಲ್ಲ, ಆರನೆಯದು ಸಿಕ್ಕಿತು.

ಮೂರಕ್ಷರಕ್ಕೆ ಇದು ಆಟದಂತಿದೆ. ಪಂಪ, ರನ್ನರು ಪ್ರೀತಿಯಿಂದ ಬಳಸಿದ ಉತ್ಪಲಮಾಲೆಗೆ ಬಂದರೆ ಇದರ ಶಕ್ತಿ ತಿಳಿಯುತ್ತದೆ. ಅದಕ್ಕೆ ಪಾದಕ್ಕೆ 20 ಅಕ್ಷರ. ಇಪ್ಪತ್ತಕ್ಷರದ ಪೂರ್ಣ ಪ್ರಸ್ತಾರಕ್ಕೆ 10,48,576 ಸಾಲು ಬೇಕು. ಅದರಲ್ಲಿ ಉತ್ಪಲಮಾಲೆ 3,55,799ನೆಯ ಸಾಲು. ಹಳಬರು ಇದನ್ನು ಹತ್ತು ಲಕ್ಷ ಸಾಲು ಬರೆದು ಹುಡುಕಲಿಲ್ಲ. ಪಾದದ ಅಕ್ಷರಗಳ ಕೆಳಗೆ 1, 2, 4, 8 ಎಂದು ಇಮ್ಮಡಿಸುತ್ತ ಬರೆದು, ಲಘುಗಳ ಕೆಳಗಿರುವುದನ್ನು ಮಾತ್ರ ಕೂಡಿ, ಕೊನೆಗೆ ಒಂದು ಸೇರಿಸಿದರು. ಇದು ಉದ್ದಿಷ್ಟ. ತಿರುಗಿಸಿ ನಷ್ಟದಿಂದ ಪರೀಕ್ಷಿಸಬಹುದು: 3,55,799 ಬೆಸ, ಗುರು, 1,77,900 ಸಮ, ಲಘು, 88,950 ಸಮ, ಲಘು, 44,475 ಬೆಸ, ಗುರು. ಭಗಣ ಬಂತು, ರಗಣ ಶುರುವಾಯಿತು. ಉತ್ಪಲಮಾಲೆ ಶುರುವಾಗುವುದೇ ಹಾಗೆ. ಇಪ್ಪತ್ತು ಹೆಜ್ಜೆಯಲ್ಲಿ ಇಡೀ ಪಾದ ಕೈಗೆ ಬರುತ್ತದೆ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ, ಹತ್ತು ಲಕ್ಷ ಸಾಲಿನ ಪಟ್ಟಿ ಇದೆ ಎಂದು ಭಾವಿಸಿಕೊಂಡು ಅದರ ಒಂದೇ ಒಂದು ಸಾಲನ್ನು ಮಾತ್ರ ನಿಜ ಮಾಡಿದಂತಾಯಿತು.

ಇದು ಮುಂದೂಡುವ ಜಾಣತನ. ನೆನಪಿಡುವ ಜಾಣತನಕ್ಕೆ ಅಕ್ಷರ ಬಿಟ್ಟು ಮಾತ್ರೆಗಳ ಕಡೆ ತಿರುಗಬೇಕು.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಷ್ಟು ಮಾತ್ರೆಗಳನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಯಾವುದೇ ವಿನ್ಯಾಸದ ಕೊನೆಯಲ್ಲಿ ಲಘು ಇರಬೇಕು, ಇಲ್ಲವೇ ಗುರು ಇರಬೇಕು. ಲಘು ಇದ್ದರೆ ಹಿಂದೆ ಉಳಿದದ್ದು ಒಂದು ಮಾತ್ರೆ ಕಡಿಮೆ, ಗುರು ಇದ್ದರೆ ಎರಡು ಮಾತ್ರೆ ಕಡಿಮೆ. ಆದ್ದರಿಂದ ಹಿಂದಿನ ಎರಡು ಉತ್ತರಗಳನ್ನು ಕೂಡಿದರೆ ಮುಂದಿನ ಉತ್ತರ. ಒಂದು ಮಾತ್ರೆಗೆ 1, ಎರಡಕ್ಕೆ 2, ಆಮೇಲೆ 3, 5, 8, 13, 21. ಪ್ರಾಕೃತದಲ್ಲಿ ಛಂದಸ್ಸು ಬರೆದ ವಿರಹಾಂಕ ಕ್ರಿಸ್ತಶಕ 600 ಮತ್ತು 800ರ ನಡುವೆ ಈ ನಿಯಮವನ್ನು ಹೇಳಿದ. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರ ಮತ್ತೆ ಹೇಳಿದ. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕದಲ್ಲಿ ಇದೇ ಸಂಖ್ಯೆಗಳನ್ನು ತಂದದ್ದು 1202ರಲ್ಲಿ. ಜಗತ್ತು ಅವನ ಹೆಸರಿನಿಂದಲೇ ಕರೆಯುತ್ತಿದೆ. ಕನ್ನಡದ ಪಠ್ಯಪುಸ್ತಕಗಳಾದರೂ ವಿರಹಾಂಕನ ಹೆಸರನ್ನು ಪಕ್ಕದಲ್ಲಿ ಬರೆಯಬೇಕು.

ಕನ್ನಡಿಗರಿಗೆ ಈ ಸಂಖ್ಯೆಗಳು ದಿನಬಳಕೆಯವು. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು, ವಾರ್ಧಕದಲ್ಲಿ ಐದು ಮಾತ್ರೆಯವು. ಅವುಗಳಿಗೆ ಸಾಧ್ಯವಿರುವ ರೂಪಗಳು ಕ್ರಮವಾಗಿ 3, 5, 8. ಲಘುವಿನ ಬೆನ್ನಿಗೇ ಗುರು ಬರುವಂತೆ ಗಣ ಶುರುವಾಗಬಾರದು ಎಂಬ ಕನ್ನಡದ ಕಟ್ಟುಪಾಡಿನ ಜರಡಿ ಹಿಡಿದರೆ ಉಳಿಯುವವು 2, 4, 6.

ಈಗ ಮಂದಾನಿಲ ರಗಳೆಯ ಸಾಲಿನಂತೆ 16 ಮಾತ್ರೆ ತೆಗೆದುಕೊಳ್ಳೋಣ. ಗಣ ವಿಭಾಗ ಬಿಟ್ಟು ಬರಿಯ ಮಾತ್ರೆಗಳನ್ನು ಎಣಿಸಿದರೆ ಉತ್ತರ 1,597. ಇದನ್ನು ಕಂಡುಹಿಡಿಯುವ ಫಂಕ್ಷನ್ ಬರೆಯುವುದು ಬಲು ಸುಲಭ: 16ರ ಉತ್ತರ ಬೇಕೆಂದರೆ 15ರ ಉತ್ತರ ಕೇಳು, 14ರ ಉತ್ತರ ಕೇಳು, ಎರಡನ್ನೂ ಕೂಡು. ಆದರೆ 15 ಮತ್ತೆ 14ನ್ನು ಕೇಳುತ್ತದೆ, 13ನ್ನು ಕೇಳುತ್ತದೆ. ಪಕ್ಕದಲ್ಲಿ 14 ತಾನೂ 13ನ್ನು ಕೇಳುತ್ತದೆ. ಯಾರಿಗೂ ನೆನಪಿಲ್ಲದ ಕಾರಣ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. 16 ಮಾತ್ರೆಯ ಒಂದು ಲೆಕ್ಕದೊಳಗೆ ಮೂರು ಮಾತ್ರೆಯ ಲೆಕ್ಕವೇ 377 ಸಲ ನಡೆಯುತ್ತದೆ. ಒಟ್ಟು ಕರೆಗಳು 1,973. ನಲವತ್ತು ಮಾತ್ರೆಗೆ ಹೋದರೆ ಕರೆಗಳು 20 ಕೋಟಿ ದಾಟುತ್ತವೆ. ನೂರು ಮಾತ್ರೆ ಎಂದರೆ ಸೆಕೆಂಡಿಗೆ ನೂರು ಕೋಟಿ ಕರೆ ಮಾಡಬಲ್ಲ ಯಂತ್ರಕ್ಕೂ 22 ಸಾವಿರ ವರ್ಷಗಳ ಕೆಲಸ.

ವಿರಹಾಂಕ ಮಾಡಿದ್ದು ಅದಲ್ಲ. ಬಂದ ಉತ್ತರವನ್ನು ಬರೆದಿಟ್ಟು, ಬರೆದದ್ದನ್ನೇ ನೋಡಿ ಮುಂದಿನದನ್ನು ಕೂಡುತ್ತ ಹೋದರೆ ನೂರು ಮಾತ್ರೆಗೆ 98 ಕೂಡಿಕೆ ಸಾಕು. ಒಂದು ಸಂಜೆಯಲ್ಲಿ ಕೈಲೆಕ್ಕದಲ್ಲೇ ಮುಗಿಯುತ್ತದೆ. ಎರಡು ವಿಧಾನಗಳ ನಿಯಮ ಒಂದೇ, ಉತ್ತರವೂ ಒಂದೇ. ನಡುವೆ ಇರುವುದು ಬರೆದಿಟ್ಟ ಒಂದು ಪಟ್ಟಿ ಮಾತ್ರ.

ಕಂಪ್ಯೂಟರಿಗೆ ಈ ಅಭ್ಯಾಸ ಕಲಿಸಿ ಹೆಸರು ಕೊಟ್ಟವರು ಎಡಿನ್‌ಬರೋದ ಡೊನಾಲ್ಡ್ ಮಿಕಿ. 1968ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ಲೇಖನ ‘ಮೆಮೊ ಫಂಕ್ಷನ್’ಗಳ ಕುರಿತದ್ದು. ಯಂತ್ರವೂ ಅನುಭವದಿಂದ ಚುರುಕಾಗಬೇಕು, ಒಮ್ಮೆ ಕಷ್ಟಪಟ್ಟು ಕಂಡುಕೊಂಡದ್ದನ್ನು ಎರಡನೆಯ ಸಲ ಸುಲಭವಾಗಿ ಕೊಡಬೇಕು ಎಂಬುದು ಅವರ ಆಸೆ. ಇವತ್ತು ಪೈಥಾನ್‌ನಲ್ಲಿ ಫಂಕ್ಷನ್ನಿನ ತಲೆಯ ಮೇಲೆ ಎಲ್‌ಆರ್‌ಯು ಕ್ಯಾಶ್ ಎಂಬ ಒಂದು ಸಾಲು ಸೇರಿಸಿದರೆ ಈ ಕೆಲಸ ತಾನಾಗಿ ಆಗುತ್ತದೆ. 2011ರಿಂದ ಆ ಸೌಲಭ್ಯ ಭಾಷೆಯ ಜೊತೆಗೇ ಬರುತ್ತಿದೆ.

ಮುಂದೂಡುವುದು, ನೆನಪಿಡುವುದು ಎರಡೂ ಒಂದೇ ಕಡೆ ಸೇರುವ ಜಾಗವೇ ಈ ವಿಷಯದ ಅತ್ಯಂತ ಚೆಂದದ ಭಾಗ. ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ ವಿರಹಾಂಕನ ಸಂಖ್ಯೆಗಳ ಇಡೀ ಪಟ್ಟಿಯನ್ನು, ಕೊನೆಯೇ ಇಲ್ಲದ ಪಟ್ಟಿಯನ್ನು, ಒಂದು ಸಾಲಿನಲ್ಲಿ ಬರೆಯುತ್ತಾರೆ. ಅದನ್ನು ಕನ್ನಡದಲ್ಲಿ ಓದುವುದಾದರೆ ಹೀಗೆ: ಪಟ್ಟಿ ಎಂದರೆ ಮೊದಲು 1, ಆಮೇಲೆ 2, ಆಮೇಲೆ ಇದೇ ಪಟ್ಟಿಯನ್ನೂ ಮೊದಲ ಸಂಖ್ಯೆ ತೆಗೆದ ಇದೇ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಕೂಡಿದಾಗ ಬಂದದ್ದು. ಪಟ್ಟಿ ತನ್ನನ್ನೇ ನೋಡಿಕೊಂಡು ಬೆಳೆಯುತ್ತದೆ. ಎಲ್ಲವನ್ನೂ ಮೊದಲೇ ಮಾಡಿ ಮುಗಿಸುವ ಭಾಷೆ ಇಂಥ ಸಾಲನ್ನು ನಡೆಸಲು ಹೊರಟರೆ ಎಂದೂ ಹೊರಗೆ ಬರುವುದಿಲ್ಲ. ಹ್ಯಾಸ್ಕೆಲ್‌ನಲ್ಲಿ ಹದಿನಾರನೆಯದನ್ನು ಕೇಳಿದರೆ ಪಟ್ಟಿ ಹದಿನಾರರವರೆಗೆ ಬೆಳೆದು ನಿಲ್ಲುತ್ತದೆ. ಆಮೇಲೆ ಇಪ್ಪತ್ತನೆಯದನ್ನು ಕೇಳಿದರೆ ಹದಿನೇಳರಿಂದ ಮುಂದುವರಿಯುತ್ತದೆ, ಏಕೆಂದರೆ ಮೊದಲಿನ ಹದಿನಾರು ಆಗಲೇ ಬರೆದಿಟ್ಟಾಗಿದೆ.

ಅದು ಹೇಗೆ ಎಂದರೆ, ಚೀಟಿ ತೆರೆದು ಲೆಕ್ಕ ಮಾಡಿದ ಮೇಲೆ ಹ್ಯಾಸ್ಕೆಲ್ ಅದೇ ಚೀಟಿಯ ಮೇಲೆ ಉತ್ತರವನ್ನು ಬರೆದುಬಿಡುತ್ತದೆ. ಅದೇ ಚೀಟಿಯನ್ನು ಹಿಡಿದ ಬೇರೆ ಯಾರು ಬಂದರೂ ಸಿದ್ಧ ಉತ್ತರ ಸಿಗುತ್ತದೆ. ಇದರ ಬೆಲೆ ತಿಳಿಯಲು ಹಿಂದಿನ ಆಲ್ಗಾಲ್ 60 ಭಾಷೆಯನ್ನು ನೋಡಬೇಕು. ಅಲ್ಲೂ ಲೆಕ್ಕವನ್ನು ಮುಂದೂಡುವ ವ್ಯವಸ್ಥೆಯಿತ್ತು, ಥಂಕ್ ಎಂಬ ಪದ ಹುಟ್ಟಿದ್ದೇ ಅಲ್ಲಿ. ಆದರೆ ಉತ್ತರವನ್ನು ಬರೆದಿಡುತ್ತಿರಲಿಲ್ಲ, ಕೇಳಿದಷ್ಟು ಸಲವೂ ಹೊಸದಾಗಿ ಲೆಕ್ಕ. ಬರೆದಿಡುವ ದಾರಿಯನ್ನು 1971ರಲ್ಲಿ ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ವಾಡ್ಸ್‌ವರ್ತ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದರು. 1976ರಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಹಲವರು ಒಟ್ಟೊಟ್ಟಿಗೆ ಅದನ್ನು ಭಾಷೆಗಳೊಳಗೆ ತಂದರು. ಇಂಥ ಭಾಷೆಗಳು ಹತ್ತಾರಾಗಿ ಎಲ್ಲರೂ ತಂತಮ್ಮ ದಾರಿ ಹಿಡಿದಿದ್ದಾಗ, 1987ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಸೇರಿದ ಸಂಶೋಧಕರು ಒಂದೇ ಭಾಷೆ ಕಟ್ಟಲು ಒಪ್ಪಿದರು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯ ಹೆಸರಿನ ಆ ಭಾಷೆಯ ಮೊದಲ ವರದಿ 1990ರಲ್ಲಿ ಹೊರಬಂತು.

ಇಲ್ಲಿ ಹೊಸಬರು ಎಡವುವ ಒಂದು ಕಲ್ಲಿದೆ. ಹ್ಯಾಸ್ಕೆಲ್ ಲೇಜಿ ಭಾಷೆ, ಹಾಗಾಗಿ ಎಲ್ಲ ಫಂಕ್ಷನ್ನುಗಳ ಉತ್ತರವೂ ತಾನಾಗಿ ನೆನಪಿರುತ್ತದೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಒಂದೇ ಚೀಟಿಯನ್ನು ಇಬ್ಬರು ಹಿಡಿದಿದ್ದರೆ ಲೆಕ್ಕ ಒಮ್ಮೆ. ಒಂದೇ ಪ್ರಶ್ನೆಯನ್ನು ಇಬ್ಬರು ಬೇರೆಬೇರೆ ಚೀಟಿಯಲ್ಲಿ ಬರೆದರೆ ಲೆಕ್ಕ ಎರಡು ಸಲ. 40 ಮಾತ್ರೆಯ ಫಂಕ್ಷನ್ನನ್ನು ಮೊದಲು ಹೇಳಿದ ಸುಲಭ ರೀತಿಯಲ್ಲಿ ಹ್ಯಾಸ್ಕೆಲ್‌ನಲ್ಲಿ ಬರೆದರೂ ಅದು 20 ಕೋಟಿ ಕರೆಗಳ ಹಾದಿಯನ್ನೇ ಹಿಡಿಯುತ್ತದೆ. ಉತ್ತರಗಳು ಪಟ್ಟಿಯಂಥ ಒಂದು ಜಾಗದಲ್ಲಿ ನೆಲೆನಿಂತಾಗ ಮಾತ್ರ ನೆನಪು ದಕ್ಕುತ್ತದೆ.

ಈ ಸೋಮಾರಿತನದ ಸಾಲ ತೀರಿಸುವ ದಿನವೂ ಬರುತ್ತದೆ. ಹತ್ತು ಲಕ್ಷ ಸಂಖ್ಯೆಗಳನ್ನು ಕೂಡು ಎಂದಾಗ ಲೇಜಿ ಭಾಷೆ ಕೂಡದೆ, ‘ಇದಕ್ಕೆ ಇದನ್ನು ಆಮೇಲೆ ಕೂಡಬೇಕು’ ಎಂಬ ಚೀಟಿಗಳನ್ನೇ ಹತ್ತು ಲಕ್ಷ ಪೇರಿಸಿ ಮೆಮೊರಿ ತುಂಬಿಸಬಹುದು. ಸ್ಪೇಸ್ ಲೀಕ್ ಎನ್ನುವ ಈ ಕಾಯಿಲೆಗೆ ಮದ್ದು ಇದೆ, ಇಂಥಲ್ಲಿ ತಕ್ಷಣ ಲೆಕ್ಕ ಮಾಡು ಎಂದು ಪ್ರೋಗ್ರಾಮರ್ ಬಾಯಿಬಿಟ್ಟು ಹೇಳಬಹುದು. ಆದರೆ ಎಲ್ಲಿ ಹೇಳಬೇಕು ಎಂದು ತಿಳಿಯಲು ಅನುಭವ ಬೇಕು. ಮೆಮೊಯಿಜೇಶನ್ನಿಗೂ ಇದೇ ಚಿಂತೆ. ಬರೆದಿಟ್ಟದ್ದೆಲ್ಲ ಜಾಗ ತಿನ್ನುತ್ತದೆ. ಆದ್ದರಿಂದಲೇ ಪೈಥಾನ್‌ನ ಆ ಸೌಲಭ್ಯ ಹೆಚ್ಚು ಕಾಲ ಯಾರೂ ಕೇಳದ ಉತ್ತರವನ್ನು ಮೊದಲು ಹೊರಹಾಕುವ ನಿಯಮ ಇಟ್ಟುಕೊಂಡಿದೆ.

ಅಶುದ್ಧಿ ಇವೆಲ್ಲಕ್ಕಿಂತ ದೊಡ್ಡ ಅಪಾಯ. ಮದ್ದೂರು ಗೇಟಿನ ಪ್ರಶ್ನೆಯಲ್ಲಿ ಹೊತ್ತು ಬಿಟ್ಟುಹೋದಂತೆ ನಿತ್ಯದ ಸಾಫ್ಟ್‌ವೇರ್‌ನಲ್ಲಿ ಏನೇನೋ ಬಿಟ್ಟುಹೋಗುತ್ತದೆ: ಬಳಕೆದಾರ ಯಾರು, ಇವತ್ತಿನ ದರ ಎಷ್ಟು, ಖಾತೆಯಲ್ಲಿ ಈಗ ಎಷ್ಟಿದೆ. ಆಗ ಹಳೆಯ ಉತ್ತರ ಹೊಸ ಪ್ರಶ್ನೆಗೆ ಅಂಟಿಕೊಳ್ಳುತ್ತದೆ. ಮುಂದೂಡಿಕೆಗೂ ಇದೇ ಷರತ್ತು. ಯಾವಾಗ ನಡೆಯುವುದೋ ಗೊತ್ತಿಲ್ಲದ ಲೆಕ್ಕದೊಳಗೆ ಹಣ ವರ್ಗಾಯಿಸುವಂಥ ಕೆಲಸ ಇಟ್ಟರೆ ಅದು ಮೊದಲು ನಡೆಯಿತೋ, ಆಮೇಲೆ ನಡೆಯಿತೋ, ನಡೆಯಲೇ ಇಲ್ಲವೋ ಹೇಳುವವರಿಲ್ಲ. ಲೇಜಿ ಆಗಬೇಕು ಎಂಬ ಹಟವೇ ಹ್ಯಾಸ್ಕೆಲ್ಲನ್ನು ಶುದ್ಧವಾಗಿರುವಂತೆ ಮಾಡಿತು. ಹೊರಜಗತ್ತನ್ನು ಮುಟ್ಟುವ ಕೆಲಸಗಳನ್ನು ಅದು ಬೇರೆಯೇ ಗುರುತು ಹಚ್ಚಿ, ಕ್ರಮ ತಪ್ಪದಂತೆ ನಡೆಸುತ್ತದೆ. ಈ ಬೇಲಿಯೇ ಹ್ಯಾಸ್ಕೆಲ್ ಜಗತ್ತಿಗೆ ಕೊಟ್ಟ ದೊಡ್ಡ ಕಾಣಿಕೆ; ಸೋಮಾರಿತನ ಅದಕ್ಕೆ ಕಾರಣವಾಯಿತಷ್ಟೆ.

ವಿಶ್ವವಿದ್ಯಾಲಯದ ಭಾಷೆ ಎಂದು ಬಹುಕಾಲ ಕರೆಸಿಕೊಂಡ ಇದು ಈಗ ಬೆಂಗಳೂರಿನ ಬೀದಿಯಲ್ಲಿದೆ. 2012ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಸ್‌ಪೇ ಕಂಪನಿ ಹಣಪಾವತಿ ವ್ಯವಸ್ಥೆಗಳನ್ನು ಹ್ಯಾಸ್ಕೆಲ್‌ನಲ್ಲಿ ಕಟ್ಟಿತು. ಆಟೋರಿಕ್ಷಾ ಚಾಲಕರ ಸಂಘದ ಜೊತೆ ಸೇರಿ 2022ರ ನವೆಂಬರಿನಲ್ಲಿ ಅದು ತಂದ ‘ನಮ್ಮ ಯಾತ್ರಿ’ ಆ್ಯಪಿನ ಹಿಂಬದಿಯ ಕೋಡ್ ಬಹುಪಾಲು ಹ್ಯಾಸ್ಕೆಲ್‌ನಲ್ಲಿದೆ. ಚಾಲಕರಿಂದ ಕಮಿಷನ್ ತೆಗೆದುಕೊಳ್ಳದ ಆ ಆ್ಯಪಿನ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಮೊಬೈಲಿನ ಪರದೆಯ ಭಾಗಕ್ಕೆ ಅವರು ಪ್ಯೂರ್‌ಸ್ಕ್ರಿಪ್ಟ್ ಬಳಸಿದರು. ನೋಡಲು ಹ್ಯಾಸ್ಕೆಲ್‌ನ ತಂಗಿಯಂತಿರುವ ಈ ಭಾಷೆ ಶುದ್ಧ ಹೌದು, ಲೇಜಿ ಅಲ್ಲ. ಶುದ್ಧಿಯನ್ನು ಎಲ್ಲ ಕಡೆ ಉಳಿಸಿಕೊಂಡು, ಮುಂದೂಡಿಕೆಯನ್ನು ಅದು ಹೊಂದುವ ಕಡೆ ಮಾತ್ರ ಬಳಸಬಹುದು ಎಂಬುದಕ್ಕೆ ಇದೊಂದು ಸಾಕ್ಷಿ. ಫೇಸ್‌ಬುಕ್ ಕೂಡ ಸ್ಪ್ಯಾಮ್ ಹಿಡಿಯುವ ತನ್ನ ವ್ಯವಸ್ಥೆಗೆ ಹ್ಯಾಸ್ಕೆಲ್ ಬಳಸಿತು. ಅಲ್ಲಿನ ‘ಹ್ಯಾಕ್ಸಲ್’ ಎಂಬ ಉಪಕರಣ, ಒಂದು ಕೋರಿಕೆಯೊಳಗೆ ಅದೇ ಮಾಹಿತಿಯನ್ನು ಹತ್ತು ಕಡೆ ಕೇಳಿದರೂ ಒಮ್ಮೆ ಮಾತ್ರ ತಂದು ಎಲ್ಲರಿಗೂ ಹಂಚುತ್ತದೆ. ಇದೂ ಮೆಮೊಯಿಜೇಶನ್ನೇ.

ಪ್ರೋಗ್ರಾಮಿಂಗ್ ಕಲಿಯುವ ನಮ್ಮ ಮಕ್ಕಳು ಈ ಎರಡು ವಿಚಾರಗಳನ್ನು ಬೆಂಗಳೂರಿನ ಇಂಟರ್‌ವ್ಯೂಗೆ ತಯಾರಾಗುವ ಹೊತ್ತಿಗೆ, ಇಂಗ್ಲಿಷಿನಲ್ಲಿ, ಫಿಬೊನಾಚಿಯ ಮೊಲಗಳ ಮೂಲಕ ಮೊದಲ ಬಾರಿ ಕೇಳುತ್ತಾರೆ. ಅಷ್ಟು ತಡವಾಗಬೇಕಿಲ್ಲ. ಹೈಸ್ಕೂಲಿನಲ್ಲಿ ಮಾತ್ರಾಗಣ ಕಲಿತ ಹುಡುಗಿಗೆ ಬೇಕಾದ ಗಣಿತವೆಲ್ಲ ಆಗಲೇ ಬಂದಿರುತ್ತದೆ. ಗುಂಡ್ಲುಪೇಟೆ, ಯಳಂದೂರು, ಚಾಮರಾಜನಗರದ ಶಾಲೆಗಳ ಕನ್ನಡ ಮೇಷ್ಟ್ರುಗಳಲ್ಲಿ, ಕಂಪ್ಯೂಟರ್ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ವರ್ಷದಲ್ಲಿ ಒಂದೇ ಒಂದು ಪೀರಿಯಡ್ಡನ್ನು ಇಬ್ಬರೂ ಜೊತೆಯಾಗಿ ತೆಗೆದುಕೊಳ್ಳಿ. ಐದು ಮಾತ್ರೆಯ ಎಂಟು ಗಣಗಳನ್ನು ಮಕ್ಕಳಿಂದ ಬೋರ್ಡಿನ ಮೇಲೆ ಬರೆಸಿ. ಹದಿನಾರು ಮಾತ್ರೆಗೆ ಎಷ್ಟು ರೂಪ ಎಂದು ಪಟ್ಟಿ ಮಾಡಿಕೊಂಡು ಕಂಡುಹಿಡಿಯಲು ಹೇಳಿ. ಉತ್ಪಲಮಾಲೆಯ ಸಂಖ್ಯೆ ಕೊಟ್ಟು ನಷ್ಟದ ವಿಧಾನದಿಂದ ಪಾದವನ್ನು ತೆಗೆಸಿ. ಆಮೇಲೆ ಅದನ್ನೇ ಪೈಥಾನ್‌ನಲ್ಲಿ ಬರೆಸಿ. ಹತ್ತು ಸಾಲಿನ ಒಳಗೆ ಮುಗಿಯುತ್ತದೆ.